ಮೊದಲು ಗಂಟೆಗಳ ಕಡಿತವಾಗಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಕಾರ್ಖಾನೆಯ ಸಂಬಳವನ್ನೇ ನಂಬಿದ ಮನೆಗಳವರನ್ನೂ, ಅಂಥ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಕುಳಿತವರನ್ನೂ ಮನಸ್ಸಿನಲ್ಲಿಟ್ಟುಕೊಂಡು ನಾನಿಂದು ಒಂದೇ ಮಾತನ್ನು ಹೇಳಲು ಬಂದಿದ್ದೇನೆ. ಆರ್ಥಿಕ ಹಿಂಜರಿತ ಬಂದಾಗ ಮೊದಲು ಕಡಿಮೆ ಮಾಡಬೇಕಾದದ್ದು ದುಡಿಮೆಯ ಗಂಟೆಗಳನ್ನೇ ಹೊರತು ದುಡಿಯುವ ಜನರನ್ನಲ್ಲ.

ಇದು ಬರಿಯ ಸದಾಶಯವಲ್ಲ. ಜರ್ಮನಿಯ ವೋಲ್ಫ್ಸ್‌ಬರ್ಗ್ ಎಂಬ ಊರು ಹುಟ್ಟಿದ್ದೇ 1938ರಲ್ಲಿ, ಫೋಕ್ಸ್‌ವ್ಯಾಗನ್ ಕಾರಿನ ಕಾರ್ಖಾನೆಗಾಗಿ. 1993ರಲ್ಲಿ ಕಾರುಗಳ ಮಾರಾಟ ಕುಸಿದು, ಆ ಕಂಪನಿಗೆ ಒಂದೇ ವರ್ಷದಲ್ಲಿ ಸುಮಾರು 190 ಕೋಟಿ ಮಾರ್ಕ್ (ಅಂದಿನ ಜರ್ಮನಿಯ ನಾಣ್ಯ) ನಷ್ಟವಾಯಿತು. ದೇಶದೊಳಗಿನ ಆರು ಘಟಕಗಳಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ನೌಕರರಲ್ಲಿ 30,000 ಮಂದಿ ಹೆಚ್ಚುವರಿ ಎಂದು ಲೆಕ್ಕ ಸಿದ್ಧವಾಯಿತು. ಅಷ್ಟು ಜನರನ್ನು ಒಮ್ಮೆಗೇ ಹೊರಗೆ ಕಳುಹಿಸಿದರೆ ಆ ಊರಿನ ಅಂಗಡಿ, ಶಾಲೆ, ಬಾಡಿಗೆ ಮನೆಗಳ ಗತಿ ಏನಾಗುತ್ತಿತ್ತೆಂದು ನೀವೇ ಊಹಿಸಿಕೊಳ್ಳಿ.

ಆಗ ಕಂಪನಿಯ ಸಿಬ್ಬಂದಿ ವ್ಯವಹಾರಗಳ ನಿರ್ದೇಶಕರಾಗಿದ್ದ ಪೀಟರ್ ಹಾರ್ಟ್ಸ್ ಅವರೂ ಐಜಿ ಮೆಟಾಲ್ ಕಾರ್ಮಿಕ ಸಂಘದವರೂ ಎದುರುಬದುರು ಕುಳಿತು ಮಾಡಿಕೊಂಡ ಒಪ್ಪಂದವನ್ನು ನಾನು ವಿದ್ಯಾರ್ಥಿಗಳಿಗೆ ಎಷ್ಟು ಸಲ ವಿವರಿಸಿದರೂ ನನಗೆ ದಣಿವಾಗಿಲ್ಲ. ವಾರದ 36 ಗಂಟೆಗಳ ದುಡಿಮೆ 28.8 ಗಂಟೆಗಳಿಗೆ, ಅಂದರೆ ಸರಿಯಾಗಿ ಐದನೇ ಒಂದು ಭಾಗದಷ್ಟು ಇಳಿಯಿತು. ಒಂದು ಲಕ್ಷ ಜನ ಐದರಲ್ಲಿ ಒಂದು ಪಾಲು ಕೆಲಸ ಬಿಟ್ಟುಕೊಟ್ಟರೆ 20,000 ಜನರ ಕೆಲಸ ಉಳಿಯುತ್ತದೆ. ಉಳಿದ ಹೊರೆಯನ್ನು ಅವಧಿಪೂರ್ವ ನಿವೃತ್ತಿಯಂಥ ಕ್ರಮಗಳಿಂದ ಇಳಿಸಿಕೊಂಡರು. ವರ್ಷದ ಒಟ್ಟು ಆದಾಯ ಇಳಿದದ್ದು ನಿಜ; ಆದರೆ ರಜಾ ಭತ್ಯೆಯನ್ನೂ ವರ್ಷಾಂತ್ಯದ ಬೋನಸ್ಸನ್ನೂ ಹನ್ನೆರಡು ತಿಂಗಳಿಗೆ ಹಂಚಿದ್ದರಿಂದ, ಮನೆ ಸಾಲದ ಕಂತು ಕಟ್ಟುವ ತಿಂಗಳ ಸಂಬಳ ಮಾತ್ರ ಇಳಿಯಲಿಲ್ಲ. ಎಂಥ ಸೂಕ್ಷ್ಮದ ಆಲೋಚನೆ ನೋಡಿ! ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಇದಕ್ಕೆ ಪ್ರತಿಯಾಗಿ ಎರಡು ವರ್ಷ ಯಾರನ್ನೂ ವಜಾ ಮಾಡುವುದಿಲ್ಲವೆಂದು ಕಂಪನಿ ಬರೆದುಕೊಟ್ಟಿತು.

ಮಾರುಕಟ್ಟೆ ಚೇತರಿಸಿದಾಗ ಕೈಪಳಗಿದ ಕೆಲಸಗಾರರು ಯಂತ್ರಗಳ ಮುಂದೆಯೇ ಇದ್ದರು. ಬೇಡಿಕೆ ಕುಸಿದ ಮರುದಿನವೇ ಹೆಸರುಗಳ ಪಟ್ಟಿ ಬರೆಯಲು ಕೂರುವ ಆಡಳಿತಗಾರರು, ಅದೇ ಕೌಶಲವನ್ನು ಹೊಸಬರಿಗೆ ಕಲಿಸಲು ಎಷ್ಟು ವರ್ಷ ಹಿಡಿಯುತ್ತದೆಂದು ಏಕೆ ಲೆಕ್ಕ ಹಾಕುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ.

ಸಮಯ ಕಡಿಮೆ ಇರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. 2009ರಲ್ಲಿ ಜರ್ಮನಿಯ ಒಟ್ಟು ಉತ್ಪನ್ನ ಶೇಕಡಾ 5ರಷ್ಟು ಕುಗ್ಗಿದಾಗ, ಅಲ್ಲಿ 14 ಲಕ್ಷಕ್ಕೂ ಹೆಚ್ಚು ನೌಕರರು ಕಡಿಮೆ ಗಂಟೆ ದುಡಿದರು. ಕಳೆದುಕೊಂಡ ನಿವ್ವಳ ವೇತನದ ಶೇಕಡಾ 60ನ್ನು, ಮಕ್ಕಳಿದ್ದವರಿಗೆ ಶೇಕಡಾ 67ನ್ನು ಸರ್ಕಾರಿ ಉದ್ಯೋಗ ಸಂಸ್ಥೆಯೇ ತುಂಬಿಕೊಟ್ಟಿತು. ನಿರುದ್ಯೋಗ ಹೆಚ್ಚು ಏರಲಿಲ್ಲ. ನಮ್ಮಲ್ಲಿಯೂ ಲೇ-ಆಫ್ ಎಂಬ ಏರ್ಪಾಡಿದೆ; ಅಂದರೆ ಕೆಲಸ ಕೊಡಲಾಗದ ದಿನಗಳಲ್ಲಿ ನೌಕರರನ್ನು ವಜಾ ಮಾಡದೆ ತಾತ್ಕಾಲಿಕವಾಗಿ ಕೆಲಸದಿಂದ ಹೊರಗಿಡುವುದು. ಆ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧವನ್ನು ಮಾಲೀಕನೇ ಕೊಡಬೇಕು. ಆ ಭಾರದಲ್ಲಿ ಒಂದು ಪಾಲನ್ನು ಸರ್ಕಾರ ಹೊರುವುದಾದರೆ ನಮ್ಮ ಕಾರ್ಖಾನೆಗಳೂ ಮೊದಲು ಗಂಟೆಗಳನ್ನು ಇಳಿಸಬಲ್ಲವು. ಮಾತುಕತೆಗೆ ಹೋಗುವ ಸಂಘದ ಪ್ರತಿನಿಧಿಗಳು ದಯವಿಟ್ಟು ಪರಿಹಾರದ ಮೊತ್ತ ಎಷ್ಟೆಂದು ಕೇಳುವ ಮುನ್ನ, ವಾರಕ್ಕೆ ಎಷ್ಟು ಗಂಟೆ ಇಳಿಸಿದರೆ ಎಷ್ಟು ಜನ ಉಳಿಯುತ್ತಾರೆಂಬ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ. ನಮಸ್ಕಾರ.