ಗೀಚಿದ ಪ್ರತಿಯ ಬೆಲೆ

ಕೇಳುಗರಿಗೆ ನಮಸ್ಕಾರ.

ಹಳೆಯ ಪುಸ್ತಕ ಸಂಗ್ರಹಿಸುವವರಲ್ಲಿ ಒಂದು ಕಟ್ಟುನಿಟ್ಟಾದ ನೇಮವಿದೆ: ಪ್ರತಿ ಚೊಕ್ಕಟವಾಗಿರಬೇಕು. ಒಳಪುಟದಲ್ಲಿ ಯಾರೋ ಹೆಸರು ಬರೆದುಕೊಂಡಿದ್ದರೆ, ಅಂಚಿನಲ್ಲಿ ಗೆರೆ ಎಳೆದಿದ್ದರೆ ಬೆಲೆ ಇಳಿಯಿತೆಂದೇ ಲೆಕ್ಕ. ಈ ನೇಮಕ್ಕೆ ಸೊಪ್ಪು ಹಾಕದ ಒಂದು ಪುಸ್ತಕವಿದೆ. ಅದು ಜರ್ಮನಿಯ ಗ್ರಿಮ್ ಸಹೋದರರು ಸಂಗ್ರಹಿಸಿದ ಜನಪದ ಕಥೆಗಳ ‘ಮಕ್ಕಳ ಮತ್ತು ಮನೆಯ ಕಥೆಗಳು’ ಸಂಕಲನದ ಪ್ರಥಮ ಮುದ್ರಣ.

ಮೊದಲ ಸಂಪುಟ ಬರ್ಲಿನ್‌ನಲ್ಲಿ ಹೊರಬಂದದ್ದು 1812ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಹೊಸ್ತಿಲಲ್ಲಿ. 86 ಕಥೆಗಳು, ಅಚ್ಚಾದದ್ದು ಸುಮಾರು 900 ಪ್ರತಿ. 1815ರ ಎರಡನೆಯ ಸಂಪುಟದಲ್ಲಿ ಇನ್ನೂ 70 ಕಥೆಗಳು ಸೇರಿದವು. ಮೊದಲ ಸಂಪುಟ ಬಂದಾಗ ಅಣ್ಣ ಯಾಕೋಬ್‌ನಿಗೆ 27 ವರ್ಷ, ತಮ್ಮ ವಿಲ್ಹೆಲ್ಮ್‌ನಿಗೆ 26. ಅವರಿದ್ದದ್ದು ಕಾಸೆಲ್ ಪಟ್ಟಣದಲ್ಲಿ. ಅಲ್ಲಿ ಆಗ ಆಳುತ್ತಿದ್ದವನು ನೆಪೋಲಿಯನ್ನನ ತಮ್ಮ ಜೆರೋಮ್. ಯಾಕೋಬ್ ಅವನ ಗ್ರಂಥಪಾಲಕ. ಜರ್ಮನ್ ನೆಲದ ಕಥೆಗಳು ಕಣ್ಮರೆಯಾದಾವೆಂದು ಕಳವಳಪಟ್ಟವನಿಗೆ ಸಂಬಳ ಕೊಡುತ್ತಿದ್ದವನು ಫ್ರೆಂಚ್ ದೊರೆ!

ಪುಸ್ತಕದಲ್ಲಿ ಒಂದೇ ಒಂದು ಚಿತ್ರವಿರಲಿಲ್ಲ. ಬದಲಿಗೆ ಕೊನೆಯಲ್ಲಿ ಪಂಡಿತರಿಗೆ ಬೇಕಾದ ಟಿಪ್ಪಣಿಗಳು ತುಂಬಿದ್ದವು. ಅರ್ಪಣೆ ಮಾತ್ರ ಗೆಳೆಯ ಆರ್ನಿಮ್‌ನ ಹೆಂಡತಿಗೆ, ಅವರ ಪುಟ್ಟ ಮಗನಿಗಾಗಿ. ಆ ಆರ್ನಿಮ್‌ನೇ ಇದು ಮಕ್ಕಳ ಕೈಗೆ ಕೊಡುವಂಥದ್ದಲ್ಲ ಎಂದು ತಕರಾರು ತೆಗೆದ. ಅವನ ಮಾತಿನಲ್ಲಿ ಹುರುಳಿತ್ತು. ಮಕ್ಕಳು ಕಸಾಯಿ ಆಟ ಆಡಲು ಹೋಗಿ ಒಬ್ಬ ಹುಡುಗನ ಕತ್ತು ಕೊಯ್ಯುವ ಕಥೆಯೊಂದು ಅದರಲ್ಲಿತ್ತು. 1819ರ ಎರಡನೆಯ ಮುದ್ರಣದಲ್ಲಿ ಅದು ಮಾಯವಾಯಿತು.

ಮಾಯವಾದದ್ದು ಅದೊಂದೇ ಅಲ್ಲ. ಹಿಮಬಿಳುಪಿನ ರಾಜಕುಮಾರಿಯನ್ನು ಕಾಡಿಗಟ್ಟಿ ಕೊಲ್ಲಿಸಲು ಹೊರಟವಳು ಮಲತಾಯಿ ಎಂದು ನಾವೆಲ್ಲ ಕೇಳಿದ್ದೇವೆ. 1812ರ ಪುಟದಲ್ಲಿ ಅವಳು ಹೆತ್ತ ತಾಯಿ. ಹಾನ್ಸೆಲ್ ಮತ್ತು ಗ್ರೇಟೆಲ್‌ರನ್ನು ಕಾಡಿನಲ್ಲಿ ಬಿಟ್ಟುಬರೋಣ ಎಂದವಳೂ ಹೆತ್ತವಳೇ. ಗೋಪುರದಲ್ಲಿ ಸೆರೆಯಾದ ರಾಪುಂಜೆಲ್ ತನ್ನ ಉದ್ದ ಜಡೆ ಇಳಿಬಿಟ್ಟು ಒಬ್ಬ ರಾಜಕುಮಾರನನ್ನು ಗುಟ್ಟಾಗಿ ಮೇಲೆ ಕರೆಸಿಕೊಳ್ಳುತ್ತಿರುತ್ತಾಳೆ. ಅವಳು ಒಂದು ದಿನ ತನ್ನನ್ನು ಕೂಡಿಹಾಕಿದವಳನ್ನು ಮುಗ್ಧವಾಗಿ ಕೇಳುತ್ತಾಳೆ, ನನ್ನ ಬಟ್ಟೆ ಯಾಕೆ ಬಿಗಿಯಾಗುತ್ತಿದೆ ಎಂದು. ದೊಡ್ಡವರಿಗೆ ವಿಷಯ ತಿಳಿಯಲು ಇಷ್ಟು ಸಾಕು. ಮುಂದಿನ ಮುದ್ರಣಗಳಲ್ಲಿ ವಿಲ್ಹೆಲ್ಮ್ ಆ ಮಾತನ್ನು ತಿದ್ದಿದ. ರಾಜಕುಮಾರನಿಗಿಂತ ನಿಮ್ಮನ್ನು ಮೇಲೆತ್ತುವುದು ಕಷ್ಟ ಎಂದು ಬಾಯಿತಪ್ಪಿ ಹೇಳಿ ಅವಳು ಸಿಕ್ಕಿಬೀಳುತ್ತಾಳೆ. ಮಾನ ಉಳಿಯಿತು, ಆದರೆ ಹುಡುಗಿ ಪೆದ್ದಿಯಾದಳು. ನನಗೆ ಹಳೆಯ ರಾಪುಂಜೆಲ್‌ಳೇ ಇಷ್ಟ. ಹೀಗೆ 1857ರ ಏಳನೆಯ ಮುದ್ರಣದವರೆಗೂ ತಿದ್ದುವ ಕೆಲಸ ನಡೆಯಿತು. ಜಗತ್ತಿನ ಬಹುಪಾಲು ಅನುವಾದಗಳಿಗೆ ಮೂಲ ಆ ಕೊನೆಯ ಪಾಠವೇ. ಪ್ರಥಮ ಮುದ್ರಣದಲ್ಲಿ ಸಿಗುವುದು ನಮಗೆ ಗೊತ್ತಿಲ್ಲದ ಬೇರೆಯೇ ಪುಸ್ತಕ.

ಈಗ ಗೀಚಿದ ಪ್ರತಿಯ ವಿಚಾರ. ಸಹೋದರರು ತಮ್ಮ ಬಳಕೆಗೆಂದು ಇಟ್ಟುಕೊಂಡಿದ್ದ ಪ್ರತಿಗಳು ಕಾಸೆಲ್‌ನಲ್ಲಿ ಇಂದಿಗೂ ಇವೆ. 2005ರಲ್ಲಿ ಯುನೆಸ್ಕೊ ಅವನ್ನು ವಿಶ್ವದ ಸ್ಮೃತಿ ಪಟ್ಟಿಗೆ ಸೇರಿಸಿತು. ಪುಟ ತೆರೆದರೆ ಅಂಚಿನ ತುಂಬ ಸಣ್ಣ ಅಕ್ಷರಗಳ ಬರಹ: ತಿದ್ದುಪಡಿಗಳು, ಬೇರೆ ಕಡೆ ಕೇಳಿದ ಪಾಠಾಂತರಗಳು. ಅಲ್ಲಲ್ಲಿ ಕಥೆ ಹೇಳಿದವರ ಹೆಸರು, ತಾರೀಖು. ‘ಡೋರ್ಟ್ಶೆನ್’ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಒಂದು ಕಡೆ ತೋಟದ ಮನೆಯ ಒಲೆಯ ಬಳಿ ಎಂದು ಜಾಗದ ಗುರುತೂ ಇದೆ. ಆಕೆ ಔಷಧಿ ಅಂಗಡಿಯ ವಿಲ್ಡ್ ಕುಟುಂಬದ ಹುಡುಗಿ. 1825ರಲ್ಲಿ ವಿಲ್ಹೆಲ್ಮ್‌ನ ಹೆಂಡತಿಯಾದಳು. ಅಚ್ಚಾದ ಪುಸ್ತಕದಲ್ಲಿ ಆಕೆಯ ಹೆಸರಿಲ್ಲ. ಹಳ್ಳಿಯ ಮುದುಕಿಯರ ಬಾಯಿಂದ ಬಂದ ಕಥೆಗಳೆಂದು ಜನ ಬಹುಕಾಲ ನಂಬಿದ್ದವುಗಳಲ್ಲಿ ಎಷ್ಟೋ, ಓದುಬರಹ ಬಲ್ಲ ಪಟ್ಟಣದ ಹೆಣ್ಣುಮಕ್ಕಳು ಹೇಳಿದವು ಎಂದು ವಿದ್ವಾಂಸರಿಗೆ ತಿಳಿದದ್ದರಲ್ಲಿ ಈ ಗೀಚುಬರಹದ ಪಾಲು ದೊಡ್ಡದು. ಚೊಕ್ಕಟವಾದ ಪ್ರತಿ ಇದನ್ನು ಎಂದಿಗೂ ಹೇಳಲಾರದು.

ವ್ಯಾಪಾರಿಗಳ ಲೋಕದ ಲೆಕ್ಕಾಚಾರವೇ ಬೇರೆ. ಇದೇ ಕಥೆಗಳ ಇಂಗ್ಲಿಷ್ ಅನುವಾದ 1823ರಲ್ಲಿ ಲಂಡನ್‌ನಲ್ಲಿ ಬಂತು. ಎಡ್ಗರ್ ಟೇಲರ್ ಅನುವಾದ, ಜಾರ್ಜ್ ಕ್ರೂಕ್‌ಶ್ಯಾಂಕ್ ಚಿತ್ರಗಳು. ಅದರ ಶೀರ್ಷಿಕೆ ಪುಟದಲ್ಲಿ ಕಥೆ ಎಂಬರ್ಥದ ಜರ್ಮನ್ ಪದದ ‘ಎ’ ಅಕ್ಷರದ ಮೇಲೆ ಎರಡು ಚುಕ್ಕಿ ಇರಬೇಕಿತ್ತು. ಮೊದಮೊದಲು ಅಚ್ಚಾದ ಪ್ರತಿಗಳಲ್ಲಿ ಅವು ಬಿಟ್ಟುಹೋಗಿವೆ. ಸಂಗ್ರಾಹಕರು ಭೂತಗನ್ನಡಿ ಹಿಡಿದು ನೋಡುವುದು ಅಲ್ಲಿಗೇ. ಚುಕ್ಕಿ ಇಲ್ಲದಿದ್ದರೆ ಬೆಲೆ ಏರುತ್ತದೆ! ಗಂಭೀರ ಮುಖದ ದೊಡ್ಡ ಮನುಷ್ಯರು ಇಲ್ಲದ ಚುಕ್ಕಿಗೆ ದುಡ್ಡು ಸುರಿಯುವುದನ್ನು ನೆನೆದರೆ ನನಗೆ ನಗು ಬರುತ್ತದೆ. ಆದರೆ ಆ ಚಿತ್ರಗಳ ಸೊಗಸಿಗೆ ದುಡ್ಡು ಕೊಟ್ಟರೆ ನನ್ನ ತಕರಾರಿಲ್ಲ. ಆ ಇಂಗ್ಲಿಷ್ ಪುಸ್ತಕ ಕಂಡ ಯಶಸ್ಸು ನೋಡಿಯೇ ಗ್ರಿಮ್ ಸಹೋದರರು 1825ರಲ್ಲಿ 50 ಕಥೆಗಳ ಸಣ್ಣ ಸಚಿತ್ರ ಆವೃತ್ತಿ ತಂದರು. ಅವರ ಕಥೆಗಳು ಮನೆಮನೆ ಹೊಕ್ಕದ್ದು ಆಮೇಲೆ.

1812ರ ಪುಸ್ತಕ ಕೊಳ್ಳುವ ತಾಕತ್ತು ನನಗಂತೂ ಇಲ್ಲ. ಕಾಸೆಲ್‌ನ ಆ ಪ್ರತಿಯನ್ನು ಅಂಚಿನ ಬರಹದ ಸಮೇತ 1986ರಲ್ಲಿ ಗಟ್ಟಿಂಗೆನ್‌ನ ಪ್ರಕಾಶಕರೊಬ್ಬರು ಯಥಾವತ್ತಾಗಿ ಅಚ್ಚು ಹಾಕಿದ್ದಾರೆ. ಜರ್ಮನ್ ಬಾರದವರಿಗೆ 2014ರಲ್ಲಿ ಜ್ಯಾಕ್ ಜೈಪ್ಸ್ ಮಾಡಿದ ಪ್ರಥಮ ಮುದ್ರಣದ ಸಂಪೂರ್ಣ ಇಂಗ್ಲಿಷ್ ಅನುವಾದವಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಸಾಯಿ ಆಟದ ಕಥೆಯನ್ನು ಮೊದಲು ನೀವೊಬ್ಬರೇ ಓದಿಕೊಳ್ಳಿ. ನಮಸ್ಕಾರ.