ಡ್ರೈವ್ ಮುಂದೆ ಕೆಪಾಸಿಟರ್ ಬೇಡ, ಮೊದಲು ಚೋಕ್ ಹಾಕಿ

ವಿಎಫ್‌ಡಿ (ಮೋಟಾರಿನ ವೇಗ ಬದಲಿಸೋ ಡ್ರೈವ್) ಇರೋ ಪ್ಯಾನೆಲ್‌ನಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ನಿಜ ಕೆಲಸಕ್ಕೆ ಬರೋ ಪಾಲು) ಬಿತ್ತು ಅಂದ ತಕ್ಷಣ ಕೆಪಾಸಿಟರ್ ಸೇರಿಸೋ ಚಾಳಿ ಇದೆಯಲ್ಲ, ಅದನ್ನ ಬಿಡಬೇಕು. ನೇರ ಲೈನಿಗೆ ಕೂತ ಮೋಟಾರಿಗೆ ಆ ಮದ್ದು ಸರಿ. ಅಲ್ಲಿ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುತ್ತೆ, ಕೆಪಾಸಿಟರ್ ಸರಿದೂಗಿಸುತ್ತೆ. ಡ್ರೈವ್‌ನ ಕಾಯಿಲೆಯೇ ಬೇರೆ. ಮೋಟಾರಿನ ರಿಯಾಕ್ಟಿವ್ ಕರೆಂಟ್ (ಕೆಲಸ ಮಾಡದೆ ಸುಮ್ಮನೆ ಹೋಗಿಬರೋ ಕರೆಂಟ್) ಡ್ರೈವ್‌ನ ಮೋಟಾರ್ ಕಡೆಯ ಭಾಗವಾದ ಇನ್ವರ್ಟರ್‌ವರೆಗೆ ಬಂದು ಅಲ್ಲೇ ತಿರುಗುತ್ತೆ, ಲೈನಿಗೆ ತಲುಪಲ್ಲ. ಲೈನ್ ಕಡೆ ಇರೋ, ಎಸಿಯನ್ನ ಡಿಸಿ ಮಾಡೋ ಡಯೋಡ್ ಬ್ರಿಡ್ಜ್, ವೋಲ್ಟೇಜ್ ತುದಿ ಮುಟ್ಟಿದಾಗ ಮಾತ್ರ ಗಬಕ್ಕನೆ ಕರೆಂಟ್ ಎಳೆಯುತ್ತೆ. ಹಾಗಾಗಿ ಕಾಸ್ ಫೈ (ಕರೆಂಟ್ ಎಷ್ಟು ಹಿಂದೆ ಬಿತ್ತು ಅನ್ನೋದನ್ನಷ್ಟೇ ಹೇಳೋ ಲೆಕ್ಕ) 0.95 ತೋರಿಸ್ತಾ ಇದ್ರೂ ನಂಬಬೇಡಿ. ಟಿಎಚ್‌ಡಿ (ಕರೆಂಟಿನ ಅಲೆ ಎಷ್ಟು ವಿಕಾರವಾಗಿದೆ ಅನ್ನೋ ಅಳತೆ) ಶೇ 80 ಇದ್ರೆ ನಿಜವಾದ ಪವರ್ ಫ್ಯಾಕ್ಟರ್ 0.74ರ ಆಸುಪಾಸು.

ಇಲ್ಲಿ ಕೆಪಾಸಿಟರ್ ಹಾಕಿದ್ರೆ ಏನಾಗುತ್ತೆ? ಒಂದು ಲೆಕ್ಕ ನೋಡಿ. 500 ಕೆವಿಎ ಟ್ರಾನ್ಸ್‌ಫಾರ್ಮರ್, ಇಂಪೀಡೆನ್ಸ್ ಶೇ 5. ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ 10,000 ಕೆವಿಎ. ಅದಕ್ಕೆ 200 ಕೆವಿಎಆರ್ ಕೆಪಾಸಿಟರ್ ಬ್ಯಾಂಕ್ ಕಟ್ಟಿದ್ರೆ, 10,000ವನ್ನ 200ರಿಂದ ಭಾಗಿಸಿ ವರ್ಗಮೂಲ ತೆಗೀರಿ: 7.07. ಡ್ರೈವ್ ಹೊರಹಾಕೋ 7ನೇ ಹಾರ್ಮೋನಿಕ್‌ಗೇ (ಲೈನ್ ಫ್ರೀಕ್ವೆನ್ಸಿಯ 7 ಪಟ್ಟಿನ ಕರೆಂಟಿಗೇ) ರೆಸೊನೆನ್ಸ್, ಅಂದ್ರೆ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಸೇರಿ ಆ ಕರೆಂಟನ್ನ ಹಿಗ್ಗಿಸೋ ಸ್ಥಿತಿ, ಕೂತಿತು! ಫ್ಯೂಸ್ ಹೋಗುತ್ತೆ, ಕೆಪಾಸಿಟರ್ ಉಬ್ಬುತ್ತೆ, ಬೈಗುಳ ಮಾತ್ರ ಕೆಪಾಸಿಟರ್ ಕಂಪನಿಗೆ. ಬ್ಯಾಂಕ್ ಬೇಕೇಬೇಕು ಅಂದ್ರೆ ಶೇ 7ರ ಡೀಟ್ಯೂನ್ಡ್ ರಿಯಾಕ್ಟರ್ (ರೆಸೊನೆನ್ಸನ್ನ ಈ ಹಾರ್ಮೋನಿಕ್‌ಗಳಿಂದ ದೂರ ತಳ್ಳೋ ಸುರುಳಿ) ಜೊತೆಗೇ ಇರಲಿ. ಇನ್ನು ಡ್ರೈವ್‌ನ ಔಟ್‌ಪುಟ್‌ಗೆ ಕೆಪಾಸಿಟರ್ ಅಂತೂ ಯಾವತ್ತೂ ಬೇಡ, ಇನ್ವರ್ಟರ್‌ನ ಸ್ವಿಚ್ ಆದ ಐಜಿಬಿಟಿ ಸುಟ್ಟುಹೋಗುತ್ತೆ.

ಮೂರು ಫೇಸ್ ಡ್ರೈವ್‌ಗೆ ನನ್ನ ಮೊದಲ ಓಟು ಪ್ಯಾಸಿವ್‌ಗೇ, ಅಂದ್ರೆ ಲೈನಿಗೆ ಸರಣಿಯಲ್ಲಿ ಕೂರೋ ತಂತಿ ಸುರುಳಿ ಚೋಕ್‌ಗೆ. 400 ವೋಲ್ಟ್, 30 ಆಂಪಿಯರ್, 50 ಹರ್ಟ್ಸ್ ಲೈನಿಗೆ ಶೇ 3ರ ಚೋಕ್ ಅಂದ್ರೆ ಫೇಸಿಗೆ ಸುಮಾರು 0.73 ಮಿಲಿಹೆನ್ರಿ. ಟಿಎಚ್‌ಡಿ ಶೇ 40ರ ಹತ್ತಿರಕ್ಕೆ ಇಳಿಯುತ್ತೆ, ಪವರ್ ಫ್ಯಾಕ್ಟರ್ 0.9 ಮುಟ್ಟುತ್ತೆ. ಕಬ್ಬಿಣ, ತಾಮ್ರ, ಅಷ್ಟೇ. ಕೆಡೋದಕ್ಕೆ ಅದರಲ್ಲಿ ಹೆಚ್ಚೇನೂ ಇಲ್ಲ. ಬ್ರಿಡ್ಜ್ ಆಚೆ ಕೂರೋ ಡಿಸಿ ಚೋಕ್ ಆದ್ರೆ ವೋಲ್ಟೇಜ್ ಕುಸಿತ ಕಮ್ಮಿ, ಆದ್ರೆ ಲೈನಿನ ಸರ್ಜ್‌ನಿಂದ ಬ್ರಿಡ್ಜ್‌ಗೆ ಅದು ರಕ್ಷಣೆ ಕೊಡಲ್ಲ.

ಸಿಂಗಲ್ ಫೇಸ್ ಸಣ್ಣ ಡ್ರೈವ್‌ನಲ್ಲಿ ಮಾತು ತಿರುಗುತ್ತೆ. ಅಲ್ಲಿ 3ನೇ ಹಾರ್ಮೋನಿಕ್ ದೊಡ್ಡದು. ಅದನ್ನ ಚೋಕಲ್ಲೇ ಅಡಗಿಸ್ತೀನಿ ಅಂದ್ರೆ ಚೋಕ್ ಇಟ್ಟಿಗೆಯಷ್ಟಾಗುತ್ತೆ, ಬಸ್ (ಬ್ರಿಡ್ಜ್ ಆಚೆಯ ಡಿಸಿ ಲೈನ್) ವೋಲ್ಟೇಜೂ ಕುಸಿಯುತ್ತೆ. ಬೂಸ್ಟ್ ಪಿಎಫ್‌ಸಿ (ವೋಲ್ಟೇಜ್ ಏರಿಸಿ ಪವರ್ ಫ್ಯಾಕ್ಟರ್ ಸರಿಪಡಿಸೋ ಸ್ವಿಚಿಂಗ್ ಸರ್ಕ್ಯೂಟ್) ಬಸ್ಸನ್ನ 380ರಿಂದ 400 ವೋಲ್ಟ್‌ನಲ್ಲಿ ಗಟ್ಟಿಯಾಗಿ ಹಿಡಿಯುತ್ತೆ, ಪವರ್ ಫ್ಯಾಕ್ಟರ್ 0.99. ಆದ್ರೆ ಡಯೋಡ್‌ನಲ್ಲಿ ಕಂಜೂಸಿ ಮಾಡಬೇಡಿ. ನಿಧಾನದ ಡಯೋಡ್ ಹಾಕಿದ್ರೆ ಅದರ ರಿವರ್ಸ್ ರಿಕವರಿ ಕರೆಂಟ್ (ಆಫ್ ಆಗೋವಾಗ ಹಿಮ್ಮುಖ ಹರಿಯೋದು) ಪಿಎಫ್‌ಸಿಯ ಸ್ವಿಚ್ ಆದ ಮಾಸ್‌ಫೆಟ್‌ನ ತಲೆಗೇ ಬಡಿಯುತ್ತೆ. ಸಿಲಿಕಾನ್ ಕಾರ್ಬೈಡ್ ಹಾಕಿ. ಇಂಡಕ್ಟರನ್ನ ಸರಾಸರಿ ಕರೆಂಟಿಗಲ್ಲ, ಅತಿ ಕಡಿಮೆ ಇನ್‌ಪುಟ್ ವೋಲ್ಟೇಜಿನ ಪೀಕ್ ಕರೆಂಟಿಗೆ ರಿಪಲ್ ಸೇರಿಸಿ ಲೆಕ್ಕ ಹಾಕಿ. ಕೋರ್ ಸ್ಯಾಚುರೇಟ್ ಆದ್ರೆ (ಕಾಂತ ತುಂಬಿ ಕರೆಂಟ್ ತಡೆಯೋ ಶಕ್ತಿ ಕಳಕೊಂಡ್ರೆ) ಮಾಸ್‌ಫೆಟ್ ಸಾಯೋದಕ್ಕೆ ಕೆಲವು ಮೈಕ್ರೊಸೆಕೆಂಡ್ ಸಾಕು. ಚಾಲೂ ಮಾಡೋವಾಗಿನ ಇನ್‌ರಶ್‌ಗೆ (ಒಮ್ಮೆಲೇ ನುಗ್ಗೋ ಕರೆಂಟಿಗೆ) ಎನ್‌ಟಿಸಿ (ಬಿಸಿಯಾದಂತೆ ತಡೆ ಕಮ್ಮಿಯಾಗೋ ರೆಸಿಸ್ಟರ್), ಬೈಪಾಸ್ ಡಯೋಡ್ ಎರಡೂ ಇರಲಿ.

ಆ್ಯಕ್ಟಿವ್ ಫ್ರಂಟ್ ಎಂಡ್, ಅಂದ್ರೆ ಲೈನ್ ಕಡೆ ಡಯೋಡ್ ಬ್ರಿಡ್ಜ್ ಬದಲು ಸ್ವಿಚ್‌ಗಳು? ಪಂಪಿಗೆ, ಫ್ಯಾನಿಗೆ ಬಹುಪಾಲು ದುಂದು. ಲೋಡ್ ಇಳಿಸುವಾಗ ಲೈನಿಗೆ ಶಕ್ತಿ ಹಿಂತಿರುಗಿಸೋ ಹಾಯ್ಸ್ಟ್, ಕ್ರೇನ್‌ಗೆ ಅದು ಒಪ್ಪುತ್ತೆ. ಅಲ್ಲೂ ಎಲ್‌ಸಿಎಲ್ (ಸುರುಳಿ, ಕೆಪಾಸಿಟರ್, ಸುರುಳಿ) ಫಿಲ್ಟರಿನ ಖರ್ಚು, ಹೆಚ್ಚುವರಿ ಸ್ವಿಚಿಂಗ್ ನಷ್ಟ ಎರಡನ್ನೂ ಲೆಕ್ಕಕ್ಕೆ ಹಿಡೀರಿ. ಬಸ್ ವೋಲ್ಟೇಜ್ ಏರೋದ್ರಿಂದ ಮೋಟಾರಿನ ಇನ್ಸುಲೇಶನ್ ಅದನ್ನ ತಡೆಯುತ್ತಾ ಅಂತಲೂ ನೋಡಿಕೊಳ್ಳಿ.