ಫ್ರೇಮ್ ಇರುವ ಬ್ಯಾಗೋ, ಇಲ್ಲದ ಬ್ಯಾಗೋ?

ಕೇಳುಗರೆಲ್ಲರಿಗೂ ನಮಸ್ಕಾರ.

ಚಾರಣಕ್ಕೆ ಹೊರಡುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಫ್ರೇಮ್ ಇರುವ ಬ್ಯಾಗ್ ತಗೊಳ್ಳಲೋ, ಇಲ್ಲದ್ದನ್ನು ತಗೊಳ್ಳಲೋ? ನಾನು ತಿರುಗಿ ಕೇಳುವುದು ಒಂದೇ ಮಾತು. ನಿಮ್ಮ ಸಾಮಾನಿನ ತೂಕ ಎಷ್ಟು? ಹೆಚ್ಚಿನವರು ಅಂದಾಜಿನ ಮೇಲೆ ಹೇಳುತ್ತಾರೆ. ತಕ್ಕಡಿಗೆ ಹಾಕಿ ನೋಡಿದರೆ ಜಾಸ್ತಿಯೇ ಇರುತ್ತದೆ. ಆ ತೂಕ ಸರಿಯಾಗಿ ಗೊತ್ತಾಗುವವರೆಗೆ ಬ್ಯಾಗ್ ಕೊಳ್ಳಲೇಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ. ಟೆಂಟು, ಸ್ಲೀಪಿಂಗ್ ಬ್ಯಾಗು, ಮ್ಯಾಟು, ಬಟ್ಟೆ ಎಲ್ಲ ಆದ ಮೇಲೆ, ಕೊನೆಗೆ ಕೊಳ್ಳಬೇಕಾದ್ದು ಬ್ಯಾಗು.

ಯಾಕೆ ಅಂತೀರಾ? ಫ್ರೇಮ್ ಮಾಡುವ ಕೆಲಸ ಏನು ಅಂತ ನೋಡೋಣ. ಹೆಗಲ ಮೇಲಿನ ಭಾರವನ್ನು ಸೊಂಟಕ್ಕೆ ದಾಟಿಸುವುದೇ ಅದರ ಕೆಲಸ. ಹೆಗಲು, ಕತ್ತಿನ ಸ್ನಾಯುಗಳು ಬೇಗ ದಣಿಯುತ್ತವೆ. ಸೊಂಟದ ಮೂಳೆ ಹಾಗಲ್ಲ. ಅಲ್ಲಿ ಕೂತ ಭಾರವನ್ನು ಕಾಲುಗಳು ನೇರವಾಗಿ ಹೊರುತ್ತವೆ. ಆದರೆ ಹೆಗಲಿನ ಹತ್ತಿರ ಇರುವ ಭಾರ ಸೊಂಟದ ಪಟ್ಟಿಗೆ ಇಳಿಯಬೇಕಾದರೆ ನಡುವೆ ಬಗ್ಗದ ವಸ್ತು ಏನಾದರೂ ಇರಬೇಕು. ಅದೇ ಫ್ರೇಮ್. ಅಲ್ಯುಮಿನಿಯಂ ಪಟ್ಟಿ ಇರಬಹುದು, ಕಾರ್ಬನ್ ಫೈಬರ್ ಕಡ್ಡಿ ಇರಬಹುದು, ಗಟ್ಟಿ ಪ್ಲಾಸ್ಟಿಕ್ ಹಾಳೆಯೂ ಇರಬಹುದು.

ಮೊದಲು ಈ ಫ್ರೇಮ್ ಹೊರಗೇ ಕಾಣುತ್ತಿತ್ತು. 1950ರ ದಶಕದ ಆರಂಭದಲ್ಲಿ ಅಮೆರಿಕದ ಡಿಕ್ ಕೆಲ್ಟಿ ತಮ್ಮ ಮನೆಯಲ್ಲೇ ಅಲ್ಯುಮಿನಿಯಂ ಫ್ರೇಮಿನ ಬ್ಯಾಗುಗಳನ್ನು ಮಾಡಿ ಮಾರತೊಡಗಿದರು. 1967ರಲ್ಲಿ ಗ್ರೆಗ್ ಲೋ ಫ್ರೇಮನ್ನು ಚೀಲದ ಒಳಗೆ ಸೇರಿಸಿದರು. ಇವತ್ತು ಅಂಗಡಿಯಲ್ಲಿ ಕಾಣುವ ಬಹುಪಾಲು ದೊಡ್ಡ ಬ್ಯಾಗುಗಳು ಈ ಒಳ ಫ್ರೇಮಿನವೇ.

ಕೆಲ್ಟಿ ಬ್ಯಾಗು ಮಾರುತ್ತಿದ್ದ ಹೊತ್ತಿನಲ್ಲೇ, 1955ರಲ್ಲಿ, ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಅಮೆರಿಕದ ಅಪಲಾಚಿಯನ್ ಟ್ರೇಲನ್ನು ಒಂಟಿಯಾಗಿ ನಡೆದು ಮುಗಿಸಿದರು. 3,000 ಕಿಲೋಮೀಟರಿಗೂ ಹೆಚ್ಚಿನ ದಾರಿ. ಅವರ ಬಳಿ ಇದ್ದದ್ದು ತಾವೇ ಹೊಲಿದ ಒಂದು ಚೀಲ. ಅದನ್ನು ಒಂದು ಹೆಗಲಿಗೆ ಹಾಕಿಕೊಂಡೇ ನಡೆದರು. ಫ್ರೇಮ್ ಬೇಡ ಅನ್ನುವವರು ಈ ಅಜ್ಜಿಯ ಹೆಸರು ತೆಗೆಯದೆ ಇರುವುದಿಲ್ಲ. ನನಗೂ ಅವರ ಮೇಲೆ ಅಪಾರ ಗೌರವ. ಆದರೆ ಅವರು ಟೆಂಟು ಹೊತ್ತಿರಲಿಲ್ಲ, ಸ್ಲೀಪಿಂಗ್ ಬ್ಯಾಗೂ ಹೊತ್ತಿರಲಿಲ್ಲ. ಸಾಮಾನು ಅಷ್ಟು ಕಡಿಮೆ ಇದ್ದದ್ದರಿಂದಲೇ ಆ ಚೀಲ ಸಾಕಾಯಿತು. ಚೀಲವನ್ನು ಮಾತ್ರ ನೋಡಿ ಸಾಮಾನನ್ನು ಮರೆತರೆ ಹೇಗೆ, ಅಲ್ವಾ?

ಈಗ ಫ್ರೇಮ್ ಇಲ್ಲದ ಬ್ಯಾಗಿನ ವಿಷಯಕ್ಕೆ ಬರುತ್ತೇನೆ. ಅದರ ತೂಕ 400ರಿಂದ 600 ಗ್ರಾಂ. ಹಗುರವಾದ ಫ್ರೇಮ್ ಬ್ಯಾಗಿನದು ಸುಮಾರು ಒಂದು ಕಿಲೋ. ಅರ್ಧ ಕಿಲೋ ಉಳಿಯಿತು ಅಂತ ಖುಷಿಯಾಗುತ್ತದೆ. ಆದರೆ ಇಂಥ ಬ್ಯಾಗಿನಲ್ಲಿ ಗಟ್ಟಿತನ ಬರುವುದು ನೀವು ತುಂಬಿದ ಸಾಮಾನಿನಿಂದಲೇ. ತುಂಬಿದ ಗೋಣಿಚೀಲ ನೆಟ್ಟಗೆ ನಿಲ್ಲುತ್ತದೆ, ಅರ್ಧ ತುಂಬಿದ್ದು ಕುಸಿಯುತ್ತದೆ. ಇಲ್ಲೂ ಹಾಗೆಯೇ. ಅದಕ್ಕೇ ಬಲ್ಲವರು ಫೋಮ್ ಮ್ಯಾಟನ್ನು ಮಡಚಿ ಬೆನ್ನಿನ ಬದಿಗೆ ಇಡುತ್ತಾರೆ. ಇಲ್ಲವೇ ಅದನ್ನು ಕೊಳವೆಯಂತೆ ಒಳಗೆ ಸುತ್ತಿ, ಅದರ ನಡುವೆ ಸಾಮಾನು ತುಂಬುತ್ತಾರೆ. ಸುತ್ತಿದರೆ ಗಟ್ಟಿತನ ಜಾಸ್ತಿ, ಜಾಗ ಮಾತ್ರ ಕಡಿಮೆ. ಗಾಳಿ ತುಂಬುವ ಮ್ಯಾಟನ್ನು ಮಡಚಿಟ್ಟರೆ ಇಷ್ಟು ಗಟ್ಟಿತನ ಸಿಗುವುದಿಲ್ಲ. ನಿಮ್ಮ ಹತ್ತಿರ ಅದೇ ಇದ್ದರೆ ಈ ಮಾತನ್ನು ನೆನಪಿಡಿ. ಇನ್ನೊಂದು ಸಂಗತಿ. ದಿನ ಕಳೆದಂತೆ ಊಟದ ಸಾಮಾನು ಖಾಲಿಯಾಗಿ ಬ್ಯಾಗು ಜೋಲುತ್ತದೆ. ಆಗ ಪಕ್ಕದ ಪಟ್ಟಿಗಳನ್ನು ಎಳೆದು ಬಿಗಿಮಾಡಬೇಕು. ಆ ಪಟ್ಟಿಗಳೇ ಇಲ್ಲದ ಬ್ಯಾಗು ಬೇಡ. ಇರಲಿ ಅಂತ ಬೇಕಾದ್ದಕ್ಕಿಂತ ದೊಡ್ಡ ಬ್ಯಾಗು ತಗೊಳ್ಳುವುದೂ ಬೇಡ.

ಭಾರ ಮಿತಿ ಮೀರಿದರೆ ಏನಾಗುತ್ತದೆ ಅಂತ ನೀವೇ ಮನೆಯಲ್ಲಿ ನೋಡಬಹುದು. ಒಂದು ಟೇಪು ತಗೊಳ್ಳಿ. ಹೆಗಲ ಪಟ್ಟಿ ಬ್ಯಾಗಿಗೆ ಸೇರುವ ಹೊಲಿಗೆಯಿಂದ ಸೊಂಟದ ಪಟ್ಟಿಯವರೆಗೆ ಅಳೆಯಿರಿ. ಆಮೇಲೆ ಸಾಮಾನು ತುಂಬಿ, ಬೆನ್ನಿಗೆ ಹಾಕಿ, ಸೊಂಟದ ಪಟ್ಟಿ ಬಿಗಿದು ಒಂದಷ್ಟು ಹೊತ್ತು ಓಡಾಡಿ. ಈಗ ಇನ್ನೊಬ್ಬರ ಕೈಗೆ ಟೇಪು ಕೊಟ್ಟು ಅದೇ ಜಾಗವನ್ನು ಮತ್ತೆ ಅಳೆಸಿ. ಅಳತೆ ಕುಗ್ಗಿದ್ದರೆ ಬ್ಯಾಗು ಮಧ್ಯದಲ್ಲಿ ಮಡಿಸಿಕೊಂಡಿದೆ ಅಂತ ಅರ್ಥ. ಸೊಂಟದ ಪಟ್ಟಿ ಕಟ್ಟಿದ್ದರೂ ಭಾರ ಹೆಗಲ ಮೇಲೇ ಉಳಿದಿರುತ್ತದೆ. ಕುಗ್ಗಿದ್ದು ಎರಡು ಮೂರು ಸೆಂಟಿಮೀಟರ್ ಆದರೂ ಸಾಕು, ಮಧ್ಯಾಹ್ನದ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತದೆ.

ಹಾಗಾದರೆ ಮಿತಿ ಎಷ್ಟು? ನೀರು, ಊಟ ಎಲ್ಲ ಸೇರಿ ಎಂಟು ಒಂಬತ್ತು ಕಿಲೋ ಒಳಗಿದ್ದರೆ ಫ್ರೇಮ್ ಇಲ್ಲದ ಬ್ಯಾಗು ಹೆಚ್ಚಿನವರಿಗೆ ಹಾಯಾಗಿರುತ್ತದೆ. ಹನ್ನೊಂದು ಹನ್ನೆರಡು ದಾಟಿದರೆ ಫ್ರೇಮ್ ಬೇಕೇ ಬೇಕು. ನಡುವಿನದು ನಿಮ್ಮ ಮೈಗೆ, ನಿಮ್ಮ ಅಭ್ಯಾಸಕ್ಕೆ ಬಿಟ್ಟದ್ದು. ಇಲ್ಲಿ ಅನೇಕರು ಸರಾಸರಿ ತೂಕ ಲೆಕ್ಕ ಹಾಕುತ್ತಾರೆ. ಅದು ತಪ್ಪು. ಲೆಕ್ಕ ಹಾಕಬೇಕಾದ್ದು ಅತಿ ಹೆಚ್ಚು ಭಾರ ಇರುವ ಹೊತ್ತನ್ನು. ಊಟ, ನೀರು ಬಿಟ್ಟು ನಿಮ್ಮ ಸಾಮಾನು ನಾಲ್ಕೂವರೆ ಕಿಲೋ ಅಂದುಕೊಳ್ಳಿ. ಹಗುರ ಚಾರಣದವರು ಮೆಚ್ಚುವ ತೂಕ ಅದು. ದಿನಕ್ಕೆ 700 ಗ್ರಾಂನಂತೆ ಐದು ದಿನದ ಊಟ ಮೂರೂವರೆ ಕಿಲೋ. ದಾರಿಯಲ್ಲಿ ನೀರಿಲ್ಲದ ಕಡೆ ಮೂರು ಲೀಟರ್ ಹೊತ್ತರೆ ಮೂರು ಕಿಲೋ. ಒಟ್ಟು ಹನ್ನೊಂದು! ಅದೇ ಸಾಮಾನು, ಎರಡು ದಿನದ ಊಟ, ಒಂದು ಲೀಟರ್ ನೀರು ಅಂದರೆ ಏಳು ಕಿಲೋ ಕೂಡ ಆಗುವುದಿಲ್ಲ. ಮನುಷ್ಯ ಒಬ್ಬನೇ, ಸಾಮಾನೂ ಅದೇ, ಆದರೂ ಬೇಕಾದ ಬ್ಯಾಗು ಬೇರೆ.

ಮೊದಲ ಸಲ ಹಗುರ ಬ್ಯಾಗು ಕೊಳ್ಳುವವರಿಗೆ ನಾನು ಹೇಳುವುದು, ತೆಗೆಯಲು ಬರುವ ಪಟ್ಟಿಗಳಿರುವ ಫ್ರೇಮ್ ಬ್ಯಾಗು ತಗೊಳ್ಳಿ. ಭಾರ ಕಡಿಮೆ ಇರುವ ದಿನ ಅಲ್ಯುಮಿನಿಯಂ ಪಟ್ಟಿಯನ್ನು ಎಳೆದು ಮನೆಯಲ್ಲೇ ಬಿಟ್ಟು ಹೊರಡಬಹುದು. ಬೆನ್ನಿಗೆ ಗಾಳಿಯಾಡಲಿ ಅಂತ ಜಾಲರಿ ಬಿಗಿದ ಬ್ಯಾಗುಗಳೂ ಸಿಗುತ್ತವೆ. ಬೆವರು ಜಾಸ್ತಿ ಬರುವವರಿಗೆ ಅವು ಒಳ್ಳೆಯವು. ಆದರೆ ಭಾರ ಬೆನ್ನಿನಿಂದ ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಕಡಿದಾದ ಇಳಿಜಾರಿನಲ್ಲಿ ಅದು ಗೊತ್ತಾಗುತ್ತದೆ.

ಯಾವುದೇ ಬ್ಯಾಗಾಗಲಿ, ಅಳತೆ ನೋಡಬೇಕಾದ್ದು ನಿಮ್ಮ ಎತ್ತರದ್ದಲ್ಲ, ಬೆನ್ನಿನದ್ದು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆ ಇದೆಯಲ್ಲ, ಅಲ್ಲಿಂದ ಶುರು. ಎರಡೂ ಕೈಯನ್ನು ಸೊಂಟದ ಮೂಳೆಯ ಮೇಲಿಟ್ಟು, ಹೆಬ್ಬೆರಳುಗಳನ್ನು ಹಿಂದಕ್ಕೆ ಮಾಡಿ. ಆ ಎರಡು ಹೆಬ್ಬೆರಳುಗಳ ನಡುವಿನ ಗೆರೆಯವರೆಗೆ ಅಳೆಯಿರಿ. ಉದ್ದ ಇರುವವರ ಬೆನ್ನು ಗಿಡ್ಡ ಇರಬಹುದು, ಗಿಡ್ಡ ಇರುವವರದು ಉದ್ದ ಇರಬಹುದು. ಈ ಅಳತೆ ತಪ್ಪಿದರೆ ಎಂಥ ದುಬಾರಿ ಫ್ರೇಮೂ ಕೆಲಸಕ್ಕೆ ಬರುವುದಿಲ್ಲ.

ಅಂಗಡಿಯಲ್ಲಿ ಖಾಲಿ ಬ್ಯಾಗು ಹಾಕಿ ಸುಮ್ನೆ ಕನ್ನಡಿ ಮುಂದೆ ನಿಲ್ಲಬೇಡಿ. ನಿಮ್ಮ ಸಾಮಾನಿನ ತೂಕಕ್ಕೆ ಸರಿಯಾಗಿ ಭಾರ ತುಂಬಿಸಿ. ಮೊದಲು ಸೊಂಟದ ಪಟ್ಟಿ, ಆಮೇಲೆ ಹೆಗಲ ಪಟ್ಟಿ ಬಿಗಿಯಿರಿ. ಇಪ್ಪತ್ತು ನಿಮಿಷ ಓಡಾಡಿ, ಮೆಟ್ಟಿಲು ಇದ್ದರೆ ಹತ್ತಿ ಇಳಿಯಿರಿ. ಕೊನೆಗೆ ಹೆಗಲ ಪಟ್ಟಿಯನ್ನು ಸ್ವಲ್ಪ ಸಡಿಲಿಸಿ. ಬ್ಯಾಗು ಸೊಂಟದ ಮೇಲೆ ಅಲ್ಲಾಡದೆ ನಿಂತರೆ ಕೊಳ್ಳಿ. ಕೆಳಕ್ಕೆ ಜಾರಿದರೆ ಇನ್ನೊಂದನ್ನು ತೋರಿಸಿ ಅನ್ನಿ.

ನಮಸ್ಕಾರ.